ಷಟ್ಕರ್ಮೋಪದೇಶ ಮತ್ತು ಉಜಿರೆಯ ರುಡ್‌ಸೆಟ್ ಸಂಸ್ಥೆ

ಭೋಗಭೂಮಿಯ ಕಾಲವು ಮುಗಿದು ಕಲ್ಪವೃಕ್ಷಗಳು ಕ್ಷೀಣಿಸಿದಾಗ, ಜೀವನೋಪಾಯವನ್ನರಿಯದ ಪ್ರಜೆಗಳು ಭಗವಾನ್ ವೃಷಭದೇವನನ್ನು ಶರಣು ಹೊಕ್ಕರು. ಸ್ವಾಮಿಯು ಅವರಿಗೆ ಅಸಿ, ಮಸಿ, ಕೃಷಿ, ವಿದ್ಯೆ, ವಾಣಿಜ್ಯ, ಶಿಲ್ಪಗಳೆಂಬ ಷಟ್ಕರ್ಮಗಳನ್ನು ಉಪದೇಶಿಸಿದನು. ಆಹಾರ, ಔಷಧ, ಶಾಸ್ತ್ರ, ಅಭಯ ದಾನಗಳನ್ನು ನಿತ್ಯ ಸ್ಮರಿಸುವ ನಾವು, ಕಸುಬನ್ನು ಕಲಿಸುವ ಈ ಆದಿಮ ಉಪಕಾರವನ್ನು ಅಷ್ಟಾಗಿ ಸ್ಮರಿಸುವುದಿಲ್ಲ.

1982ರಲ್ಲಿ ಧರ್ಮಸ್ಥಳದ ರತ್ನಗಿರಿಯಲ್ಲಿ 39 ಅಡಿಯ ಬಾಹುಬಲಿ ಮೂರ್ತಿಯ ಪ್ರತಿಷ್ಠೆ ನೆರವೇರಿದುದು ಸಮಾಜಕ್ಕೆಲ್ಲ ತಿಳಿದಿದೆ. ಅದೇ ವರ್ಷ ಸಮೀಪದ ಉಜಿರೆಯಲ್ಲಿ ಧರ್ಮಾಧಿಕಾರಿ ಡಾ. ಡಿ. ವೀರೇಂದ್ರ ಹೆಗ್ಗಡೆಯವರು ಆರಂಭಿಸಿದ ಗ್ರಾಮೀಣಾಭಿವೃದ್ಧಿ ಮತ್ತು ಸ್ವಉದ್ಯೋಗ ತರಬೇತಿ ಸಂಸ್ಥೆಯು, ಅಂದರೆ ರುಡ್‌ಸೆಟ್, ನಮ್ಮ ಪತ್ರಿಕೆಗಳಲ್ಲಿ ಅಷ್ಟು ಸ್ಥಳವನ್ನು ಪಡೆಯಲಿಲ್ಲ. ಶ್ರೀ ಧರ್ಮಸ್ಥಳ ಮಂಜುನಾಥೇಶ್ವರ ವಿದ್ಯಾಸಂಸ್ಥೆಯೊಡನೆ ಕೆನರಾ ಬ್ಯಾಂಕ್ ಮತ್ತು ಸಿಂಡಿಕೇಟ್ ಬ್ಯಾಂಕುಗಳು ಇದಕ್ಕೆ ಹೆಗಲು ಕೊಟ್ಟವು. ಎರಡೂ ಅವಿಭಜಿತ ದಕ್ಷಿಣ ಕನ್ನಡದಲ್ಲಿಯೇ ಹುಟ್ಟಿದವು; 2020ರಲ್ಲಿ ಸಿಂಡಿಕೇಟ್ ಬ್ಯಾಂಕು ಕೆನರಾದಲ್ಲಿ ವಿಲೀನವಾಯಿತು.

ಅಂದಿನ ಯುವಕರಿಗೆ ಸರ್ಕಾರಿ ನೌಕರಿಯೇ ಕಲ್ಪವೃಕ್ಷವಾಗಿತ್ತು; ಅದು ದೊರೆಯದವರು ಮುಂಬಯಿಯ ದಾರಿ ಹಿಡಿಯುತ್ತಿದ್ದರು. ಸ್ವಂತ ಉದ್ಯೋಗಕ್ಕೆ ಸಾಲವಿತ್ತರೆ ಕಸುಬು ತಿಳಿಯದೆ ನಷ್ಟ. ಕಸುಬನ್ನು ಮಾತ್ರ ಕಲಿಸಿದರೆ ಬಂಡವಾಳವಿಲ್ಲದೆ ಪ್ರಮಾಣಪತ್ರವು ಪೆಟ್ಟಿಗೆಯ ಪಾಲು. ಉಜಿರೆಯಲ್ಲಿ ಇವೆರಡನ್ನೂ ಬೆಸೆಯಲಾಯಿತು. ಶಿಕ್ಷಣ, ಊಟ, ವಸತಿ ಎಲ್ಲವೂ ಉಚಿತ. ಬಡವನು ತಿಂಗಳುಗಟ್ಟಲೆ ಕೂಲಿಯನ್ನು ಬಿಟ್ಟಿರಲಾರನಾದುದರಿಂದ ತರಬೇತಿಯು ಕೆಲವೇ ವಾರಗಳದು. ಹೊಲಿಗೆ, ಮೋಟಾರು ರಿವೈಂಡಿಂಗ್, ಹೈನುಗಾರಿಕೆಗಳ ಜೊತೆಗೆ ಲೆಕ್ಕ ಬರೆಯುವುದನ್ನೂ ಮಾರುಕಟ್ಟೆಯನ್ನು ಅರಿಯುವುದನ್ನೂ ಕಲಿಸಿದರು. ಬ್ಯಾಂಕಿನ ಸಾಲಕ್ಕೆ ನೆರವಾದರು. ಊರಿಗೆ ಮರಳಿದವರನ್ನು ಎರಡು ವರ್ಷ ವಿಚಾರಿಸಿಕೊಂಡರು. ಜಾತಿಮತಗಳ ಭೇದವಿರಲಿಲ್ಲ. ನನ್ನ ದೃಷ್ಟಿಯಲ್ಲಿ ಆ ಎರಡು ವರ್ಷಗಳ ವಿಚಾರಣೆಯೇ ಈ ಪದ್ಧತಿಯ ಜೀವ. 2009ರಲ್ಲಿ ಕೇಂದ್ರ ಗ್ರಾಮೀಣಾಭಿವೃದ್ಧಿ ಸಚಿವಾಲಯವು ಇದೇ ಮಾದರಿಯಲ್ಲಿ ಜಿಲ್ಲೆಗೊಂದರಂತೆ ಬ್ಯಾಂಕುಗಳ ಮೂಲಕ ಆರ್‌ಸೆಟಿಗಳನ್ನು ಸ್ಥಾಪಿಸುವ ಯೋಜನೆಯನ್ನು ಕೈಗೊಂಡಿತು.

ಇಲ್ಲೊಂದು ಧರ್ಮಸೂಕ್ಷ್ಮವುಂಟು. ಸರ್ಕಾರದ ಯೋಜನೆಯ ಪಟ್ಟಿಯಲ್ಲಿ ಕೋಳಿಸಾಕಣೆ, ಮೀನುಗಾರಿಕೆಗಳೂ ಸೇರಿವೆ. ಶ್ರಾವಕರಿಗೆ ವರ್ಜ್ಯವಾದ ಕಸುಬುಗಳನ್ನು ನಮ್ಮ ಆಚಾರಗ್ರಂಥಗಳು ಎಣಿಸಿ ಹೇಳಿರುವುದರಿಂದ, ಬಸದಿಯ ದ್ರವ್ಯದಿಂದ ಅಂಥವನ್ನು ಕಲಿಸಲು ಬಾರದು. ಆದರೆ ಈ ಕಾರಣವನ್ನೇ ಮುಂದಿಟ್ಟು ಇಡೀ ಕಾರ್ಯದಿಂದ ಹಿಂದೆ ಸರಿಯುವ ಟ್ರಸ್ಟುಗಳ ವಾದವನ್ನು ಒಪ್ಪಲಾಗದು. ಹಿಂಸೆಯು ಅಲ್ಪವಾದ ಕಸುಬುಗಳು ಬೇಕಾದಷ್ಟಿವೆ. ಕಸುಬನ್ನು ಆರಿಸಿಕೊಳ್ಳಬಹುದು, ಕಲಿಯಬಂದವನ ಕುಲವನ್ನು ಆರಿಸಬೇಕಾಗಿಲ್ಲ.

ಆಷಾಢದಲ್ಲಿ ಮದುವೆಗಳಿಲ್ಲದೆ ನಮ್ಮ ಕಲ್ಯಾಣಮಂಟಪಗಳು ಬರಿದಾಗಿರುತ್ತವೆ. ಹೊಲಿಗೆಯ ತರಗತಿಗೆ ಅಷ್ಟು ಸ್ಥಳ, ಅಷ್ಟು ಅವಧಿ ಸಾಕು. ಹೊಲಿಗೆಯಂತ್ರಗಳಿಗೆ ದಾನಿಗಳೂ ದೊರೆಯುತ್ತಾರೆ. ಕಲಿತವರ ಮನೆಗಳಿಗೆ ಎರಡು ವರ್ಷ ಹೋಗಿ ಬರುವ ಕಾರ್ಯಕರ್ತನ ವೇತನಕ್ಕೆ ಮಾತ್ರ ಟ್ರಸ್ಟಿನ ಆಯವ್ಯಯದಲ್ಲಿಯೇ ಸ್ಥಾನ ಮಾಡಬೇಕಾಗುತ್ತದೆ.