ಸಂಡಿಗೆ ಹಳೇದು, ಅದರೊಳಗಿನ ಸಾಮಾನು ಹೊಸದು

ಪುಣೆಯಲ್ಲಿರೋರು ಕಿರಾಣಿ ಅಂಗಡಿಯಲ್ಲಿ 'ಸಾಂಡಗಿ ಮಿರ್ಚಿ' ನೋಡಿರ್ತೀರಿ. ಚೆನ್ನೈನಲ್ಲಿ ಅದರ ನೆಂಟ 'ಮೋರ್ ಮಿಳಗಾಯ್', ಹೈದರಾಬಾದಿನಲ್ಲಿ 'ಚಲ್ಲ ಮಿರಪಕಾಯ'. ನಮ್ಮಲ್ಲಿ ಬಾಳಕ. ಮರಾಠಿಯ ಸಾಂಡಗೆ, ನಮ್ಮ ಸಂಡಿಗೆ ಎರಡನ್ನೂ ಒಟ್ಟಿಗೆ ಒಂದ್ಸಲ ಬಾಯಿಬಿಟ್ಟು ಹೇಳಿ ನೋಡಿ.

ಇದನ್ನೆಲ್ಲ 'ಸಾವಿರಾರು ವರ್ಷದ ಪರಂಪರೆ' ಅಂತ ವಾಟ್ಸಾಪಿನಲ್ಲಿ ಕಳಿಸ್ತಾರೆ. ಅರ್ಧ ನಿಜ. ಮೆಣಸಿನಕಾಯಿ ಅಮೆರಿಕ ಖಂಡದ ಗಿಡ. ಪೋರ್ಚುಗೀಸರು ಗೋವಾ ಹಿಡಿದದ್ದು 1510ರಲ್ಲಿ. ಅದು ನಮ್ಮ ಕಡೆ ಬಂದದ್ದು ಅವರ ಹಡಗುಗಳ ಕಾಲದಲ್ಲಿ. ಅದೇ ಶತಮಾನದ ಆರಂಭದಲ್ಲಿ ಮೂರನೇ ಮಂಗರಸ ಕನ್ನಡದಲ್ಲಿ ಬರೆದ 'ಸೂಪಶಾಸ್ತ್ರ'ದ ಅಡುಗೆಗೆ ಖಾರ ಕೊಡೋದು ಮೆಣಸು, ಶುಂಠಿ. ಹೆಸರಲ್ಲೇ ಗುಟ್ಟಿದೆ: ಹೊಸ ಕಾಯಿಗೆ ಹಳೇ ಮೆಣಸಿನ ಹೆಸರು ಕೊಟ್ಟು 'ಮೆಣಸಿನಕಾಯಿ' ಅಂದ್ವಿ. ಆಮೇಲೆ ಪಾಪ, ಹಳೇ ಮೆಣಸನ್ನೇ 'ಕಾಳುಮೆಣಸು' ಅಂತ ಬಿಡಿಸಿ ಹೇಳಬೇಕಾಯ್ತು.

ಸಬ್ಬಕ್ಕಿ ಸಂಡಿಗೆ ಇನ್ನೂ ಎಳೇದು. ಮರಗೆಣಸೂ ಅಮೆರಿಕದ್ದೇ. ಎರಡನೇ ಮಹಾಯುದ್ಧದಲ್ಲಿ ಹೊರಗಿನ ಸಾಗೋ ಬರೋದು ನಿಂತಾಗ, 1940ರ ದಶಕದಲ್ಲಿ, ಸೇಲಂನಲ್ಲಿ ಅದರಿಂದ ಸಬ್ಬಕ್ಕಿ ಮಾಡೋ ಉದ್ಯಮ ಬೆಳೀತು.

ಹಾಗಾದ್ರೆ ಹಳೇದು ಯಾವುದು? ವಿಧಾನ. ಮಲೆನಾಡು, ಕರಾವಳಿಯಲ್ಲಿ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಜಡಿಮಳೆ, ತರಕಾರಿ ಕಷ್ಟ. ಅದಕ್ಕೇ ಏಪ್ರಿಲ್-ಮೇ ಬಿಸಿಲಲ್ಲಿ ಹಲಸಿನ ಹಪ್ಪಳ, ಮಾವಿನ ಮಾಂಬಳ. ಬಯಲುಸೀಮೆಯಲ್ಲಿ ಬೂದುಗುಂಬಳದ ಸಂಡಿಗೆ. ಬಾಳಕಕ್ಕೆ, ಸೀಳಿದ ಕಾಯನ್ನ ಉಪ್ಪು ಹಾಕಿದ ಹುಳಿ ಮಜ್ಜಿಗೆಯಲ್ಲಿ ನೆನೆಸಿ, ಹಗಲು ಬಿಸಿಲಿಗೆ ಹರಡಿ, ರಾತ್ರಿ ವಾಪಸ್ ಅದೇ ಮಜ್ಜಿಗೆಗೆ ಹಾಕ್ತಾರೆ, ಮಜ್ಜಿಗೆಯೆಲ್ಲ ಹೀರೋವರೆಗೆ. ಉಪ್ಪು ಕಾಯೊಳಗಿನ ನೀರೆಳೆಯುತ್ತೆ, ಹುಳಿ ಕೆಡಿಸೋ ಸೂಕ್ಷ್ಮಜೀವಿಗಳನ್ನ ತಡೆಯುತ್ತೆ, ಬಿಸಿಲು ಉಳಿದ ಪಸೆ ತೆಗೆಯುತ್ತೆ. ಊರಿಗೆ ಹೊಸ ಬೆಳೆ ಬಂತಾ, ಅದನ್ನೂ ಇದೇ ಲೆಕ್ಕಕ್ಕೆ ಸೇರಿಸಿದ್ರು. ಆಲೂಗಡ್ಡೆಗೂ ಅದೇ ಗತಿ.

ಸೇರಿಸಿದ್ದು ಯಾರು? ಮನೆಯ ಹೆಂಗಸರು. ನನಗೆ ಕಾಡೋದು ಇಲ್ಲೇ. ದಾನ ಕೊಟ್ಟ ರಾಜನಿಗೆ ಶಾಸನ ಇದೆ, ಮೊದಲ ಸಲ ಮೆಣಸಿನಕಾಯಿಯನ್ನ ಮಜ್ಜಿಗೆಗೆ ಹಾಕಿದವಳ ಹೆಸರು ಎಲ್ಲೂ ಇಲ್ಲ. ಇವತ್ತಿಗೂ ಎಷ್ಟು ಉಪ್ಪು, ಎಷ್ಟು ಬಿಸಿಲು ಅನ್ನೋದು ಹೆಚ್ಚಿನ ಮನೆಗಳಲ್ಲಿ ಒಬ್ಬರ ಕೈಯಳತೆಯಲ್ಲೇ ಇದೆ. ನಮ್ಮ ಹದಿನಾಲ್ಕನೇ ಮಹಡಿಯ ಬಾಲ್ಕನಿಗೆ ಬಿಸಿಲು ಬರೋದು ಒಂದು ಗಂಟೆ, ನಾವಂತೂ ಮಾಡಲ್ಲ ಬಿಡಿ. ಈ ಭಾನುವಾರ ಅಮ್ಮನಿಗೋ ಅತ್ತೆಗೋ ಫೋನ್ ಮಾಡಿದಾಗ 'ನಿಮ್ಮ ಕಡೆ ಏನೇನು ಒಣಗಿಸ್ತಿದ್ರಿ, ಹೇಗೆ' ಅಂತ ಕೇಳಿ, ಅವರ ದನಿಯಲ್ಲೇ ರೆಕಾರ್ಡ್ ಮಾಡ್ಕೊಳ್ಳಿ.