ಕ್ಯಾಂಪರ್ ವ್ಯಾನ್‌ನಲ್ಲಿ ರಾತ್ರಿ ಕಳೆಯುವ ಮುನ್ನ ಇವನ್ನು ನೋಡಿಕೊಳ್ಳಿ
ಸಣ್ಣ ಕ್ಯಾಂಪರ್ ವ್ಯಾನ್‌ನಲ್ಲಿ ಅಡುಗೆ, ನಿದ್ದೆ ಎರಡೂ ಒಂದೇ ಜಾಗದಲ್ಲಿ. ಹಾಗಾಗಿ ಮೊದಲು ಗ್ಯಾಸ್ ಕಡೆ ಗಮನ ಕೊಡಬೇಕು. ಎಲ್‌ಪಿಜಿ ಗಾಳಿಗಿಂತ ಭಾರ; ಸೋರಿದರೆ ನೆಲಮಟ್ಟದಲ್ಲೇ ತುಂಬಿಕೊಳ್ಳುತ್ತದೆ. ಮೇಲಿನ ಕಿಟಕಿ ತೆರೆದರೆ ಸಾಲದು, ಸಿಲಿಂಡರ್ ಇಡುವ ಗೂಡಿನ ತಳದಲ್ಲಿ ಹೊರಕ್ಕೆ ಕಿಂಡಿ ಬೇಕು. ಚಳಿಯೆಂದು ಒಲೆ ಉರಿಸಿಕೊಂಡು ಕಿಟಕಿ ಮುಚ್ಚಿ ಮಲಗುವುದಂತೂ ಬೇಡವೇ ಬೇಡ. ಆಗ ಹುಟ್ಟುವ ಕಾರ್ಬನ್ ಮಾನಾಕ್ಸೈಡ್‌ಗೆ ಬಣ್ಣವಿಲ್ಲ, ವಾಸನೆಯಿಲ್ಲ. ನಿದ್ದೆಯಲ್ಲಿದ್ದವರಿಗೆ ತಿಳಿಯುವುದೇ ಇಲ್ಲ. ಅದನ್ನು ಪತ್ತೆ ಹಚ್ಚುವ ಅಲಾರಂ ಹಾಸಿಗೆಯ ಬಳಿಯೇ ಇರಲಿ.

ಲೆಡ್ ಆಸಿಡ್ ಬ್ಯಾಟರಿಯ ಚಾರ್ಜ್ ಅರ್ಧಕ್ಕಿಂತ ಕೆಳಗಿಳಿಯಲು ಬಿಡಬೇಡಿ. ಹೆಚ್ಚು ಓಡದ ವ್ಯಾನ್‌ನ ಟೈರ್ ಸವೆಯುವ ಮೊದಲೇ ಹಳತಾಗುತ್ತದೆ: ಬದಿಯಲ್ಲಿ 2319 ಎಂದಿದ್ದರೆ 2019ರ 23ನೇ ವಾರದಲ್ಲಿ ತಯಾರಾದದ್ದು. ಖಂಡಾಲಾದಂಥ ಘಾಟಿ ಇಳಿಯುವಾಗ ಕಡಿಮೆ ಗೇರ್‌ನಲ್ಲೇ ಇಳಿಯಿರಿ, ಬ್ರೇಕ್ ಕಾಯುವುದಿಲ್ಲ.