ಗರ್ಭದ ಸಂಕೇತ, ಗಡ್ಡೆಯ ಸಂಕೇತ

ಗರ್ಭ ಪರೀಕ್ಷೆಯ ಪಟ್ಟಿಯಲ್ಲಿ ಎರಡನೆಯ ಗೆರೆ ಮೂಡಿಸುವುದು ಎಚ್‌ಸಿಜಿ ಎಂಬ ಹಾರ್ಮೋನು. ಭ್ರೂಣದ ಹೊರಪದರದಿಂದ ಹೊರಡುವ ಇದು ಇಲ್ಲದೆ ಗರ್ಭ ನಿಲ್ಲದು. 1970ರ ದಶಕದಲ್ಲಿ ದೆಹಲಿಯ ಏಮ್ಸ್‌ನಲ್ಲಿದ್ದ ವಿಜ್ಞಾನಿ ಜಿ. ಪಿ. ತಲ್ವಾರ್ ಈ ಹಾರ್ಮೋನಿನ ವಿರುದ್ಧ ಲಸಿಕೆ ತಯಾರಿಸಲು ಹೊರಟರು. ಗುರಿಯಿದ್ದದ್ದು ಜನನ ನಿಯಂತ್ರಣ, ಕ್ಯಾನ್ಸರ್ ಅಲ್ಲ.

ತೊಡಕು ಒಂದೇ. ರೋಗನಿರೋಧಕ ವ್ಯವಸ್ಥೆ ತನ್ನದೇ ದೇಹದ ಹಾರ್ಮೋನಿನ ಮೇಲೆ ಸುಮ್ಮಸುಮ್ಮನೆ ಎರಗುವುದಿಲ್ಲ. ತಲ್ವಾರ್ ಆ ಹಾರ್ಮೋನಿನ ಬೀಟಾ ತುಣುಕಿಗೆ ಧನುರ್ವಾಯು ಲಸಿಕೆಯ ಪ್ರೋಟೀನನ್ನು ಅಂಟಿಸಿದರು. ಪರಕೀಯ ಪ್ರೋಟೀನನ್ನು ಕಂಡು ಎಚ್ಚೆತ್ತ ದೇಹ, ಜೊತೆಗಿದ್ದ ಸ್ವಂತ ಹಾರ್ಮೋನಿಗೂ ಪ್ರತಿಕಾಯ ಮಾಡಿತು. ಈ ವಿಧಾನ 1976ರಲ್ಲಿ ಪ್ರಕಟವಾಯಿತು.

1981ರಲ್ಲಿ ದೆಹಲಿಯಲ್ಲೇ ರಾಷ್ಟ್ರೀಯ ಇಮ್ಯುನಾಲಜಿ ಸಂಸ್ಥೆ ಹುಟ್ಟಿತು. ತಲ್ವಾರ್ ಅದರ ಮೊದಲ ನಿರ್ದೇಶಕರಾದರು. 1994ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ 148 ಮಹಿಳೆಯರು ಸುಧಾರಿತ ಲಸಿಕೆ ಪಡೆದಿದ್ದರು. 119 ಮಂದಿಯಲ್ಲಿ ಪ್ರತಿಕಾಯ ಸಾಕಷ್ಟು ಏರಿತು. ಆ ಮಟ್ಟ ಉಳಿದಿದ್ದ 1,224 ಋತುಚಕ್ರಗಳಲ್ಲಿ ಗರ್ಭ ನಿಂತದ್ದು ಒಂದೇ ಸಲ. ಅದೇ ದಶಕದಲ್ಲಿ ಮಹಿಳಾ ಸಂಘಟನೆಗಳು ಇಂಥ ಲಸಿಕೆಗಳನ್ನು ಪ್ರಬಲವಾಗಿ ವಿರೋಧಿಸಿದವು. ಒಮ್ಮೆ ಚುಚ್ಚಿಸಿಕೊಂಡರೆ ಬೇಡವೆಂದಾಗ ನಿಲ್ಲಿಸಲಾಗದು, ಬಡ ಹೆಂಗಸರ ಮೇಲೆ ಹೇರಲು ಸುಲಭ ಎಂಬ ಅವರ ಆತಂಕ ಹುರುಳಿಲ್ಲದ್ದೇನಲ್ಲ.

ಕಥೆ ಕ್ಯಾನ್ಸರಿನ ಕಡೆ ತಿರುಗುವುದು ಇಲ್ಲಿ. ಶ್ವಾಸಕೋಶ, ಮೇದೋಜೀರಕ, ಮೂತ್ರಕೋಶಗಳ ಕೆಲವು ಗಡ್ಡೆಗಳೂ ಇದೇ ಬೀಟಾ ತುಣುಕನ್ನು ಸ್ರವಿಸುತ್ತವೆ. ಅಂಥ ರೋಗಿಗಳ ಸ್ಥಿತಿ ಸಾಮಾನ್ಯವಾಗಿ ಹೆಚ್ಚು ಗಂಭೀರ. 1994ರಲ್ಲೇ ಈ ಹಾರ್ಮೋನಿನ ಆಕಾರ ಬಯಲಾದಾಗ, ಅದರ ಮಡಿಕೆ ಟಿಜಿಎಫ್-ಬೀಟಾದಂಥ ಬೆಳವಣಿಗೆಯ ಅಂಶಗಳ ಮಡಿಕೆಯನ್ನೇ ಹೋಲುತ್ತಿತ್ತು. ಟಿಜಿಎಫ್-ಬೀಟಾ ಗಡ್ಡೆಯೊಳಗೆ ಕೊಲ್ಲುವ ಟಿ ಕೋಶಗಳ ಕೈ ಕಟ್ಟುತ್ತದೆ. ಎಚ್‌ಸಿಜಿ ಗರ್ಭದ ಬಳಿಗೆ ನಿಯಂತ್ರಕ ಟಿ ಕೋಶಗಳನ್ನು ಸೆಳೆಯುತ್ತದೆ. ಅರ್ಧ ತಂದೆಯದಾದ ಭ್ರೂಣವನ್ನು ತಾಯಿಯ ದೇಹ ಸಹಿಸಿಕೊಳ್ಳುವುದಕ್ಕೆ ಇದೂ ಒಂದು ಕಾರಣ. ಅಂದರೆ, ‘ಬೆಳೆ’ ಎನ್ನುವ ಸಂಕೇತವೇ ‘ಇದನ್ನು ಮುಟ್ಟಬೇಡ’ ಎಂದೂ ಹೇಳಬಲ್ಲದು. ಕ್ಯಾನ್ಸರ್ ಈ ಹಳೆಯ ಭಾಷೆಯನ್ನು ಕದ್ದು ಬಳಸುತ್ತದೆ.

ದೆಹಲಿಯ ಅದೇ ಸಂಸ್ಥೆ ಮುಂದೆ ಇಲಿಗಳಲ್ಲಿ ಈ ಹಾರ್ಮೋನಿಗೂ ಗಡ್ಡೆಗೂ ಇರುವ ನಂಟನ್ನು ಹುಡುಕಿತು. ಆದರೆ ಆರೋಗ್ಯವಂತ ಮಹಿಳೆಯ ದೇಹವನ್ನು ಎಚ್ಚರಿಸುವುದು ಬೇರೆ, ರೋಗದಿಂದಲೂ ಚಿಕಿತ್ಸೆಯಿಂದಲೂ ದಣಿದ ದೇಹವನ್ನು ಎಚ್ಚರಿಸುವುದು ಬೇರೆ. ದೇಹ ತನ್ನದೆಂದು ಬಿಟ್ಟುಕೊಟ್ಟದ್ದನ್ನು ಮತ್ತೆ ಗುರುತಿಸುವಂತೆ ಮಾಡಬಹುದು ಎಂಬುದನ್ನಂತೂ ಆ 148 ಮಹಿಳೆಯರು ತೋರಿಸಿಕೊಟ್ಟರು. ಕ್ಯಾನ್ಸರ್ ಲಸಿಕೆಗಳ ಚರಿತ್ರೆಯಲ್ಲಿ ಅವರಿಗೂ ಒಂದು ಸಾಲು ಸಲ್ಲಬೇಕು.